ಉರಿದು ದಣಿಯುವ ನರ

ಷಡ್ರಸಗಳನ್ನು ಎಣಿಸುವಾಗ ಆಯುರ್ವೇದವು ಕಟುವನ್ನೂ ಅವುಗಳಲ್ಲಿ ಒಂದೆಂದು ಹಿಡಿದಿದೆ. ಕನ್ನಡ ನಾಡಿನ ಅಡುಗೆಮನೆಯೂ ಉಪ್ಪು, ಹುಳಿ, ಖಾರ ಎಂಬ ಮೂರನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಂದಿನ ಶರೀರಕ್ರಿಯಾಶಾಸ್ತ್ರ ಮಾತ್ರ ಖಾರವನ್ನು ರುಚಿಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅಂಗೈಯಲ್ಲಿ ಹಿಡಿದ ಉಪ್ಪು ಅಂಗೈಗೆ ಉಪ್ಪೆನಿಸದು, ಹುಣಸೆಹಣ್ಣು ಕಿವುಚಿದ ಬೆರಳಿಗೆ ಹುಳಿ ತಿಳಿಯದು. ಹಸಿಮೆಣಸಿನಕಾಯಿ ಹೆಚ್ಚಿದ ಬೆರಳಾದರೋ ಮಲಗುವ ಹೊತ್ತಿನವರೆಗೂ ಚುರುಗುಟ್ಟುತ್ತಲೇ ಇರುತ್ತದೆ. ಉಪ್ಪು ಹುಳಿಗಳನ್ನು ಅರಿಯುವ ರುಚಿಮೊಗ್ಗುಗಳ ನೆಲೆ ಬಾಯಿಯಾದರೆ, ಖಾರವನ್ನು ಅರಿಯುವವು ಮೈಯ ಚರ್ಮದಲ್ಲೆಲ್ಲ ಹರಡಿಕೊಂಡಿರುವ ನೋವಿನ ನರಗಳು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಖಾರವೆಂಬುದು ನಾಲಿಗೆಯ ಮೇಲೆ ನಡೆಯುವ ಒಂದು ಬಗೆಯ ನೋವು. ಬೆಂಕಿಯ ಜ್ವಾಲೆಗೂ ಸುಟ್ಟ ಗಾಯದ ಸಂಕಟಕ್ಕೂ ಮೆಣಸಿನಕಾಯಿಯ ಪರಿಣಾಮಕ್ಕೂ ಉರಿ ಎಂಬ ಒಂದೇ ಪದವನ್ನು ಬಳಸುತ್ತ ಬಂದಿರುವ ಕನ್ನಡದ ಅಂದಾಜು ಎಷ್ಟು ನಿಖರವೆಂಬುದು ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1997ರಲ್ಲಿ; ನೋವು ಕೊಡುವ ಈ ವಸ್ತುವೇ ನೋವಿನ ಔಷಧಿಯೂ ಆಗುವುದು ಹೇಗೆ ಎಂಬ ಹಳೆಯ ಪ್ರಶ್ನೆ ಬಿಡಿಸಿಕೊಂಡದ್ದೂ ಬಹುಮಟ್ಟಿಗೆ ಆ ಶೋಧದಿಂದಲೇ.

ಆ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬದನೆ, ಟೊಮೆಟೊ, ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿದ ಕ್ಯಾಪ್ಸಿಕಂ ಕುಲದ ಗಿಡಗಳು ಅದನ್ನು ತಮ್ಮ ಕಾಯಿಗಳಲ್ಲಿ ತಯಾರಿಸುತ್ತವೆ. ಖಾರವೆಲ್ಲ ಬೀಜದಲ್ಲಿದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಕ್ಯಾಪ್ಸೈಸಿನ್ ಹುಟ್ಟುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ಒಳತಿರುಳಿನಲ್ಲಿ. ಬೀಜಕ್ಕೆ ಖಾರ ಬರುವುದು ಸಹವಾಸದಿಂದ. ಕಾಯಿಯ ಕೆಂಪಿಗೂ ಖಾರಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ: ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ ತುಂಬಿರುವ ಆ ಸುಕ್ಕುಗಟ್ಟಿದ ಕಾಯಿ ಬಣ್ಣಕ್ಕೆ ಹೆಸರಾಗಿದ್ದರೂ ಖಾರದಲ್ಲಿ ಸೌಮ್ಯ. ಜರ್ಮನಿಯ ಬುಕೋಲ್ಟ್ಸ್ ಎಂಬ ವಿಜ್ಞಾನಿ 1816ರಲ್ಲಿ ಈ ಖಾರದ ಸಾರವನ್ನು ಅಶುದ್ಧ ರೂಪದಲ್ಲಿ ಬೇರ್ಪಡಿಸಿದನು. 1876ರಲ್ಲಿ ಇಂಗ್ಲೆಂಡಿನ ಜಾನ್ ಕ್ಲಫ್ ಥ್ರೆಶ್ ಅದನ್ನು ಬಹುಪಾಲು ಶುದ್ಧವಾಗಿಯೇ ಪಡೆದು ಇಂದಿನ ಹೆಸರನ್ನಿಟ್ಟನು. 1919ರಲ್ಲಿ ಅದರ ರಚನೆ ತಿಳಿದುಬಂದು, 1930ರಲ್ಲಿ ಷ್ಪೇತ್ ಮತ್ತು ಡಾರ್ಲಿಂಗ್ ಎಂಬಿಬ್ಬರು ಅದನ್ನು ಗಿಡದ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ತಯಾರಿಸಿದರು. ಅದರ ಅಣುವಿನ ಒಂದು ತುದಿ ಐಸ್‌ಕ್ರೀಮಿನ ವೆನಿಲಾ ಪರಿಮಳಕ್ಕೆ ಕಾರಣವಾದ ವೆನಿಲಿನ್‌ನ ಹತ್ತಿರದ ಬಂಧು. ಇನ್ನೊಂದು ತುದಿ ಎಣ್ಣೆಯ ಸ್ವಭಾವದ ಉದ್ದನೆಯ ಬಾಲ. ಖಾರ ಹತ್ತಿದಾಗ ಎಷ್ಟು ನೀರು ಕುಡಿದರೂ ಉರಿ ತಗ್ಗದೆ, ಮೊಸರಿಗೋ ತುಪ್ಪಕ್ಕೋ ತಗ್ಗುವುದು ಈ ಬಾಲದ ದೆಸೆಯಿಂದ. ಎಣ್ಣೆಯಂಶವನ್ನು ಹಾಯ್ದು ಚರ್ಮದೊಳಕ್ಕೆ ಇಳಿದು ನರದ ತುದಿಯನ್ನು ಮುಟ್ಟಲು ಅದಕ್ಕೆ ಸಾಧ್ಯವಾಗುವುದೂ ಅದರಿಂದಲೇ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದಾಗ, ಇಲ್ಲಿ ಆಗಲೇ ಖಾರವೆಂದರೆ ಕರಿಮೆಣಸು ಎಂಬ ರೂಢಿ ಬೇರೂರಿದ್ದುದರಿಂದ, ಹೊಸ ಕಾಯಿಗೆ ಹಳೆಯ ಕಾಳಿನ ಹೆಸರೇ ಅಂಟಿಕೊಂಡು ಅದು ಮೆಣಸಿನಕಾಯಿಯಾಯಿತು. ಕೊಡಗಿನಲ್ಲಿ ಸಣ್ಣ ಮೆಣಸಿನಕಾಯಿಯನ್ನು ಪರಂಗಿಯವರ ಹೆಸರಿನೊಡನೆ ಸೇರಿಸಿ ಕರೆಯುವುದು ಆ ವಲಸೆಯ ಗುರುತಾಗಿ ಉಳಿದಿದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಬಳ್ಳಿಯ ಮೆಣಸಿಗೂ ಗಿಡದ ಮೆಣಸಿನಕಾಯಿಗೂ ಯಾವ ನಂಟೂ ಇಲ್ಲ. ಆದರೂ ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ವಸ್ತುವು ನರದ ಮೇಲೆ ತಟ್ಟುವುದು ಕ್ಯಾಪ್ಸೈಸಿನ್ ತಟ್ಟುವ ಬಾಗಿಲನ್ನೇ, ಅಷ್ಟು ಜೋರಾಗಿ ಅಲ್ಲದಿದ್ದರೂ. ಹೆಸರಿಟ್ಟವರಿಗೆ ಇದು ತಿಳಿದಿರಲಿಲ್ಲ, ನಾಲಿಗೆಗೆ ತಿಳಿದಿತ್ತು.

ಮೆಣಸಿನಕಾಯಿಯ ಸಾರವನ್ನು ಮೈಗೆ ಹಚ್ಚುವ ಪದ್ಧತಿ ಔಷಧಶಾಸ್ತ್ರಕ್ಕಿಂತ ಹಳೆಯದು. ಯೂರೋಪಿನಲ್ಲಿ 1850ರಷ್ಟು ಹಿಂದೆಯೇ ಟರ್ನ್‌ಬುಲ್ ಎಂಬ ವೈದ್ಯ ಮದ್ಯಸಾರದಲ್ಲಿ ನೆನೆಸಿದ ಮೆಣಸಿನಕಾಯಿಯ ದ್ರವವನ್ನು ಕೈಕಾಲುಗಳ ಉರಿ ತುರಿಕೆಗಳಿಗೆ ಹಚ್ಚಬಹುದೆಂದು ಬರೆದಿದ್ದನು. ಇಂತಹ ಲೇಪಗಳ ಯುಗದಲ್ಲೇ ಇಂದು ಖಾರದ ಜಗತ್ತಿನ ಅಳತೆಗೋಲೆನಿಸಿರುವ ಸ್ಕೋವಿಲ್ ಮಾನವೂ ಹುಟ್ಟಿತು. ಅತಿ ಖಾರದ ಕಾಯಿ ತಿನ್ನುವ ಸ್ಪರ್ಧೆಗಳಲ್ಲಿ ಕೇಳಿಬರುವ ಆ ಹೆಸರು ಒಬ್ಬ ಔಷಧತಜ್ಞನದು: ಅಮೆರಿಕದ ಒಂದು ಔಷಧ ಕಂಪನಿಯಲ್ಲಿ ದುಡಿಯುತ್ತಿದ್ದ ವಿಲ್ಬರ್ ಸ್ಕೋವಿಲ್, ನೋವಿನ ಲೇಪಕ್ಕೆ ಬೆರೆಸುವ ಮೆಣಸಿನಕಾಯಿಯ ಖಾರ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಆಗದಂತೆ ಅಳೆಯುವ ದಾರಿಯೊಂದನ್ನು 1912ರಲ್ಲಿ ಕಂಡುಕೊಂಡನು. ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ರುಚಿ ನೋಡುವವರಿಗೆ ಖಾರ ಇಲ್ಲವಾಗುವ ಹಂತಕ್ಕೆ ಎಷ್ಟು ಪಟ್ಟು ನೀರು ಬೇಕಾಯಿತೋ ಅದೇ ಆ ಕಾಯಿಯ ಅಂಕ. ಶುದ್ಧ ಕ್ಯಾಪ್ಸೈಸಿನ್‌ನ ಅಂಕ ಸುಮಾರು 1 ಕೋಟಿ 60 ಲಕ್ಷ.

ಹಚ್ಚಿದ ಖಾರ ನೋವನ್ನು ಕಡಿಮೆ ಮಾಡುವುದೇಕೆ ಎಂಬುದಕ್ಕೆ ಆ ಕಾಲದಲ್ಲಿ ಕೊಡುತ್ತಿದ್ದ ವಿವರಣೆ ಸರಳವಾಗಿತ್ತು: ಒಂದು ಕಡೆಯ ಹೊಸ ಉರಿ ಇನ್ನೊಂದು ಕಡೆಯ ಹಳೆಯ ನೋವಿನಿಂದ ಗಮನವನ್ನು ಸೆಳೆದುಕೊಳ್ಳುತ್ತದೆ. ಮಾರುಕಟ್ಟೆಯ ಎಷ್ಟೋ ಮುಲಾಮುಗಳಲ್ಲಿರುವ ಪುದೀನ ಸತ್ವ, ಕರ್ಪೂರ, ಗಂಧಪುರದ ಎಣ್ಣೆಗಳ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ. ಮೆಣಸಿನಕಾಯಿಯ ವಿಷಯದಲ್ಲಿ ಇದಕ್ಕಿಂತ ಆಳವಾದದ್ದೇನೋ ನಡೆಯುತ್ತಿದೆ ಎಂದು ತೋರಿಸಿಕೊಟ್ಟ ದೇಶ ಹಂಗೆರಿ. ಕೆಂಪು ಮೆಣಸಿನಪುಡಿಯನ್ನು ರಾಷ್ಟ್ರೀಯ ಹೆಮ್ಮೆಯಾಗಿ ಮಾಡಿಕೊಂಡಿರುವ ನಾಡಿಗೆ ಇದು ಸಹಜವೂ ಹೌದು. ಸೆಂಟ್ ಜ್ಯೋರ್ಜಿ ಎಂಬ ವಿಜ್ಞಾನಿ 1930ರ ದಶಕದಲ್ಲಿ ‘ಸಿ’ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ್ದೂ ಅಲ್ಲಿನ ಸೆಗೆಡ್ ನಗರದಲ್ಲಿ, ಮೆಣಸಿನಕಾಯಿಯಿಂದಲೇ. ಅದೇ ನಗರದ ವಿಶ್ವವಿದ್ಯಾಲಯದ ಮಿಕ್ಲೋಶ್ ಯಾಂಚೊ ಎಂಬ ಪ್ರಾಧ್ಯಾಪಕ, ಕ್ಯಾಪ್ಸೈಸಿನ್ನನ್ನು ಮತ್ತೆ ಮತ್ತೆ ಕೊಟ್ಟ ಪ್ರಾಣಿಗಳು ಮೊದಮೊದಲು ಒದ್ದಾಡಿದರೂ ಕ್ರಮೇಣ ಅದಕ್ಕೆ ಜಗ್ಗದಂತಾಗುವುದನ್ನು ಕಂಡನು. ಖಾರ ಅಭ್ಯಾಸವಾಯಿತೆಂದು ಇದನ್ನು ತಳ್ಳಿಹಾಕಬಹುದಾಗಿತ್ತು. ಆದರೆ ಆ ಪ್ರಾಣಿಗಳು ಮೆಣಸಿನಕಾಯಿಗೆ ಮಾತ್ರವಲ್ಲದೆ ಬೇರೆ ಉರಿಕಾರಕ ರಾಸಾಯನಿಕಗಳಿಗೂ ಪ್ರತಿಕ್ರಿಯಿಸುತ್ತಿರಲಿಲ್ಲ. ಮುಟ್ಟಿದರೆ ಎಚ್ಚರಗೊಳ್ಳುವ ಅವುಗಳ ಸ್ಪರ್ಶಜ್ಞಾನ ಮಾತ್ರ ಮೊದಲಿನಂತೆಯೇ ಇತ್ತು. ಎಂದರೆ ಕ್ಯಾಪ್ಸೈಸಿನ್ ಚರ್ಮದ ನರಗಳನ್ನೆಲ್ಲ ಮಂಕುಗೊಳಿಸದೆ, ಅವುಗಳಲ್ಲಿ ಒಂದು ಜಾತಿಯನ್ನು ಮಾತ್ರ ಆರಿಸಿ ಹಿಡಿಯುತ್ತದೆ ಎಂದಾಯಿತು. ದಂತವೈದ್ಯರು ಕೊಡುವ ಮರಗಟ್ಟಿಸುವ ಚುಚ್ಚುಮದ್ದು ನೋವಿನೊಂದಿಗೆ ಸ್ಪರ್ಶವನ್ನೂ ಅಳಿಸುವುದನ್ನು ನೆನೆದರೆ ಈ ಆಯ್ಕೆಯ ಮಹತ್ವ ಅರಿವಾಗುತ್ತದೆ.

ಆ ಜಾತಿಯ ನರಗಳಲ್ಲಿ ಕ್ಯಾಪ್ಸೈಸಿನ್ ಕೂರುವ ತಾಣ ಯಾವುದೆಂಬ ಹುಡುಕಾಟ ಮುಗಿದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದಲ್ಲಿ, ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯದಲ್ಲಿ. ಬೆನ್ನುಹುರಿಯ ಇಕ್ಕೆಲಗಳಲ್ಲಿ ಮಣಿಗಳಂತೆ ಸಾಲಾಗಿ ಇರುವ ನರಗಂಟುಗಳಲ್ಲಿ ನೋವಿನ ನರಕೋಶಗಳ ಮೂಲವಿರುತ್ತದೆ. ಮೈಕೇಲ್ ಕ್ಯಾಟರಿನಾ ಮತ್ತು ಸಂಗಡಿಗರು ಇಲಿಜಾತಿಯ ಪ್ರಾಣಿಗಳ ಆ ಗಂಟುಗಳಲ್ಲಿ ಕೆಲಸ ಮಾಡುತ್ತಿದ್ದ ಜೀನುಗಳ ಪ್ರತಿಗಳನ್ನು ಸಂಗ್ರಹಿಸಿ, ಖಾರವೆಂದರೆ ಏನೆಂದೇ ಅರಿಯದ ಬೇರೆ ಜೀವಕೋಶಗಳೊಳಕ್ಕೆ ಗುಂಪುಗುಂಪಾಗಿ ಸೇರಿಸಿ, ಮೇಲೆ ಕ್ಯಾಪ್ಸೈಸಿನ್ ಹನಿಸಿ, ಯಾವ ಕೋಶ ಎಚ್ಚೆತ್ತು ಕ್ಯಾಲ್ಸಿಯಮನ್ನು ಒಳಗೆಳೆದುಕೊಳ್ಳುತ್ತದೆಂದು ಕಾದು ನೋಡಿದರು. ಸ್ಪಂದಿಸಿದ ಗುಂಪನ್ನು ಒಡೆದು ಒಡೆದು ಶೋಧಿಸಿದಾಗ ಕೊನೆಗೆ ಒಂದೇ ಜೀನು ಉಳಿಯಿತು. ಅದು ರೂಪಿಸುವ ಪ್ರೋಟೀನಿನ ಇಂದಿನ ಹೆಸರು ಟಿಆರ್‌ಪಿವಿ1. ಹೊರಗಿನ ಸುದ್ದಿಯನ್ನು ಹಿಡಿದು ಕೋಶದ ಒಳಕ್ಕೆ ಮುಟ್ಟಿಸುವ ಇಂತಹ ಪ್ರೋಟೀನುಗಳಿಗೆ ಗ್ರಾಹಿಗಳೆಂದು ಹೆಸರು. ಇದು ಗ್ರಾಹಿಯೂ ಹೌದು, ನರಕೋಶದ ಪೊರೆಯಲ್ಲಿ ಹುದುಗಿರುವ ಪುಟ್ಟ ಬಾಗಿಲೂ ಹೌದು.

ಶೋಧದ ನಿಜವಾದ ಬೆರಗು ಇರುವುದು ಮುಂದಿನ ಹೆಜ್ಜೆಯಲ್ಲಿ. ಮೆಣಸಿನಕಾಯಿಯನ್ನೇ ಕಾಯುತ್ತ ಕೂರುವ ಬಾಗಿಲೊಂದು ಇಲಿಯ ದೇಹದಲ್ಲೋ ಮನುಷ್ಯನ ದೇಹದಲ್ಲೋ ಇರಬೇಕಾದ ಕಾರಣವೇನೂ ಇಲ್ಲವಲ್ಲ ಎಂದು ಪರೀಕ್ಷಿಸಿದಾಗ, ಅದೇ ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆದುಕೊಂಡಿತು. ಬಿಸಿನೀರು ಹಿತವೆನಿಸುವುದು ನಿಂತು ಸುಡತೊಡಗುವ ಗಡಿ ಹೆಚ್ಚುಕಡಿಮೆ ಅದೇ. ಮೆಣಸಿನಕಾಯಿ ಕಚ್ಚಿದವನ ಮಿದುಳಿಗೆ ಬಾಯಿ ಸುಡುತ್ತಿದೆ ಎಂಬ ವರದಿ ಹೋಗುವುದೂ, ಮೈ ತಣಿಸಲೆಂದು ಹಣೆಯಲ್ಲಿ ಬೆವರೊಡೆಯುವುದೂ, ಬೊಬ್ಬೆ ಮಾತ್ರ ಏಳದಿರುವುದೂ ಇದರಿಂದ ಅರ್ಥವಾಗುತ್ತದೆ. ಗಾಯವೋ ಊತವೋ ಆದ ಜಾಗದಲ್ಲಿ ಈ ಗಡಿ ಕೆಳಗಿಳಿಯುತ್ತದೆ; ಬಿಸಿಲಿಗೆ ಬೆಂದ ಬೆನ್ನಿಗೆ ಉಗುರುಬೆಚ್ಚಗಿನ ನೀರೂ ಕಾದ ಎಣ್ಣೆಯಂತೆ ತೋರುವುದು ಅದಕ್ಕೇ. ಬಿಸಿ, ತಂಪು, ಸ್ಪರ್ಶಗಳ ಗ್ರಾಹಿಗಳನ್ನು ಕಂಡುಹಿಡಿದದ್ದಕ್ಕಾಗಿ ಜೂಲಿಯಸ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಸಂದಿತು. ಗಿಡದ ಪಾಲಿಗೆ ಈ ಬಾಗಿಲಿನ ಉಪಯೋಗ ಬೇರೆ. ಅಮೆರಿಕದ ಅರಿಜೋನಾದಲ್ಲಿ ಕಾಡುಮೆಣಸಿನ ಗಿಡಗಳನ್ನು ಗಮನಿಸಿದವರು, ಬೀಜವನ್ನು ಅಗಿದು ಹಾಳುಮಾಡುವ ಇಲಿಗಳು ಖಾರಕ್ಕೆ ಹೆದರಿ ದೂರವಿರುವುದನ್ನೂ, ಬೀಜವನ್ನು ನುಂಗಿ ದೂರದಲ್ಲಿ ಉದುರಿಸುವ ಹಕ್ಕಿಗಳು ಸಲೀಸಾಗಿ ತಿನ್ನುವುದನ್ನೂ 2001ರಲ್ಲಿ ವರದಿ ಮಾಡಿದರು. ಮರುವರ್ಷವೇ ಕೋಳಿಯ ಟಿಆರ್‌ಪಿವಿ1 ಬಿಸಿಗೆ ತೆರೆದುಕೊಂಡರೂ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲವೆಂದು ಸಾಬೀತಾಯಿತು. ಮಲೆನಾಡಿನ ಹಿತ್ತಲುಗಳಲ್ಲಿ ಯಾರೂ ಬಿತ್ತದೆ ಹುಟ್ಟಿಕೊಳ್ಳುವ ಸೂಜಿಮೆಣಸಿನ ಗಿಡಗಳ ಹಿಂದೆ ಇರುವ ತೋಟಗಾರರು ಈ ಹಕ್ಕಿಗಳೇ.

ಬಾಗಿಲು ತೆರೆದರೆ ಉರಿ. ಅದು ಬಹಳ ಹೊತ್ತು ತೆರೆದೇ ಇದ್ದರೆ ಉಪಶಮನ. ಕಾದ ಪಾತ್ರೆಯಿಂದ ಕೈ ಹಿಂದಕ್ಕೆಳೆದುಕೊಂಡ ಕೂಡಲೇ ಬಿಸಿ ತೆರೆದ ಬಾಗಿಲು ಮುಚ್ಚಿಕೊಳ್ಳುತ್ತದೆ. ಚರ್ಮದೊಳಗೆ ಇಳಿದ ಕ್ಯಾಪ್ಸೈಸಿನ್ ಹಾಗೆ ಬಿಟ್ಟುಹೋಗುವುದಿಲ್ಲವಾದ್ದರಿಂದ, ಕ್ಯಾಲ್ಸಿಯಂ ಅಯಾನುಗಳು ಎಡೆಬಿಡದೆ ಒಳನುಗ್ಗುತ್ತ, ನರದ ತುದಿ ಮೊದಲು ಜೋರಾಗಿ ಕೂಗಿ, ಆಮೇಲೆ ಕೂಗಿಗೆ ಬೇಕಾದ ಸರಕನ್ನೆಲ್ಲ ತೀರಿಸಿಕೊಂಡು ಸುಮ್ಮನಾಗುತ್ತದೆ. ನೋವಿನ ಸುದ್ದಿಯನ್ನು ಮುಂದೆ ಸಾಗಿಸುವ ‘ಪಿ ವಸ್ತು’ ಎಂಬ ರಾಸಾಯನಿಕ ಬರಿದಾಗುವುದೇ ಇದಕ್ಕೆ ಪೂರ್ಣ ಕಾರಣವೆಂದು ಹಿಂದೆ ತಿಳಿಯಲಾಗಿತ್ತು. ಈಗಲೂ ಅನೇಕ ಔಷಧ ಕರಪತ್ರಗಳಲ್ಲಿ ಅದೇ ವಿವರಣೆ ಉಳಿದುಕೊಂಡಿದೆ. ವಾಸ್ತವದಲ್ಲಿ ಆ ವಸ್ತು ಕಥೆಯ ಒಂದು ಸಣ್ಣ ಪಾತ್ರ. ಕ್ಯಾಲ್ಸಿಯಂ ಮಿತಿಮೀರಿದಾಗ ನರತುದಿಗೆ ಶಕ್ತಿ ಒದಗಿಸುವ ವ್ಯವಸ್ಥೆಯೇ ಕುಸಿದು, ಚರ್ಮದ ಮೇಲ್ಪದರದಲ್ಲಿ ಚಾಚಿಕೊಂಡಿದ್ದ ಎಳೆಗಳು ಹಿಂದಕ್ಕೆ ಸರಿದುಬಿಡುತ್ತವೆ. ಆರೋಗ್ಯವಂತರ ಚರ್ಮಕ್ಕೆ ತೀವ್ರ ಪ್ರಮಾಣದ ಕ್ಯಾಪ್ಸೈಸಿನ್ನನ್ನು ಒಂದು ಗಂಟೆ ಹಚ್ಚಿ, ವಾರದ ನಂತರ ಆ ಜಾಗದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಇಂತಹ ಎಳೆಗಳಲ್ಲಿ ಶೇಕಡಾ 80ರಷ್ಟು ಮಾಯವಾಗಿದ್ದವು. 24 ವಾರಗಳ ಹೊತ್ತಿಗೆ ಬಹುಪಾಲು ಮತ್ತೆ ಚಿಗುರಿದ್ದವು. ನರಕೋಶದ ಬುಡ ದೂರದ ನರಗಂಟಿನಲ್ಲಿ ಸುರಕ್ಷಿತವಾಗಿರುವುದರಿಂದ, ಕೊಂಬೆ ಸವರಿದ ಗಿಡದಂತೆ ಅದು ಪುನಃ ಚಿಗುರುತ್ತದೆ.

ಔಷಧದಂಗಡಿಯ ಕ್ಯಾಪ್ಸೈಸಿನ್ ಮುಲಾಮುಗಳ ಬಗ್ಗೆ ಬರುವ ದೂರುಗಳ ಮೂಲ ಈ ವಿವರದಲ್ಲೇ ಇದೆ. ಅವುಗಳಲ್ಲಿ ಕ್ಯಾಪ್ಸೈಸಿನ್ ಸಾಮಾನ್ಯವಾಗಿ ಶೇಕಡಾ 0.025 ಅಥವಾ 0.075ರಷ್ಟಿರುತ್ತದೆ, ಸ್ಕೋವಿಲ್ ಮಾನದಲ್ಲಿ ಲೆಕ್ಕಹಾಕಿದರೆ ಸುಮಾರು 4,000 ಅಥವಾ 12,000 ಅಂಕ, ಎಂದರೆ ಸಾಧಾರಣ ಖಾರದ ಕಾಯಿಗಳ ಮಟ್ಟ. ಇಷ್ಟು ತೆಳುವಾದ ಔಷಧಿಯಿಂದ ನರ ದಣಿಯಬೇಕಾದರೆ ದಿನಕ್ಕೆ ಮೂರು ನಾಲ್ಕು ಬಾರಿಯಂತೆ ವಾರಗಟ್ಟಲೆ ತಪ್ಪದೆ ಹಚ್ಚಬೇಕು, ಮೊದಲ ದಿನಗಳಲ್ಲಿ ಸಿಗುವುದೋ ಬರೀ ಉರಿ. ಎರಡು ದಿನ ಹಚ್ಚಿ ಉರಿಗೆ ಬೇಸತ್ತು ಕೈಬಿಟ್ಟವರು ಔಷಧಿಯ ಕಷ್ಟವನ್ನಷ್ಟೇ ಪಡೆದು ಫಲದ ಬಾಗಿಲಿನಿಂದ ಮರಳಿದಂತಾಗುತ್ತದೆ. ನೋವು ಬಂದಾಗ ಮಾತ್ರ ಹಚ್ಚುವವರದೂ ಅದೇ ಪಾಡು, ಏಕೆಂದರೆ ನಡುವೆ ಬಿಡುವು ಸಿಕ್ಕರೆ ನರ ಚೇತರಿಸಿಕೊಂಡು ಉರಿ ಮೊದಲಿನಿಂದ ಶುರುವಾಗುತ್ತದೆ. ಮಂಡಿಯ ಸಂಧಿವಾತಕ್ಕೆ ಇದನ್ನು ಪ್ರಯತ್ನಿಸಬಹುದೆಂದು ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿದ್ದರೂ, ಕೈಬೆರಳುಗಳ ಸಂಧಿವಾತಕ್ಕೆ ಬೇಡವೆಂದಿದೆ. ಹಚ್ಚಿದ ಬೆರಳು ಕಣ್ಣನ್ನು ಮುಟ್ಟದೆ ಇರದು ಎಂಬುದು ಅದಕ್ಕೊಂದು ಕಾರಣ. ನರಸಂಬಂಧಿ ನೋವಿನಲ್ಲಿ ತೆಳು ಮುಲಾಮುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿರುವುದಕ್ಕೆ ಗಟ್ಟಿ ಆಧಾರ ಸಾಲದೆಂದು ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆ ತೀರ್ಮಾನಿಸಿತ್ತು. ಜಾಹೀರಾತುಗಳ ಉತ್ಸಾಹಕ್ಕೆ ಈ ಮಾತುಗಳು ಹೊಂದುವುದಿಲ್ಲ.

ದಿನವೂ ತಟ್ಟುವ ಬದಲು ಒಂದೇ ಸಲಕ್ಕೆ ನರವನ್ನು ದಣಿಸಿಬಿಟ್ಟರೆ ಹೇಗೆ ಎಂಬ ಯೋಚನೆಯಿಂದ ಬಂದದ್ದು ಶೇಕಡಾ 8ರ ಕ್ಯಾಪ್ಸೈಸಿನ್ ಪಟ್ಟಿ. ಅದರ ಖಾರ ಸುಮಾರು 12 ಲಕ್ಷ 80 ಸಾವಿರ ಸ್ಕೋವಿಲ್ ಅಂಕಗಳಿಗೆ ಸಮ; 2007ರಲ್ಲಿ ಜಗತ್ತಿನ ಅತಿ ಖಾರದ ಕಾಯಿಯೆಂದು ಗಿನ್ನೆಸ್ ದಾಖಲೆಗೆ ಸೇರಿದ ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಮುಟ್ಟಿದ್ದು 10 ಲಕ್ಷವನ್ನು. 2009ರಲ್ಲಿ ಯೂರೋಪಿನಲ್ಲೂ ಅಮೆರಿಕದಲ್ಲೂ ಇದಕ್ಕೆ ಅನುಮತಿ ದೊರೆಯಿತು. ಅಮೆರಿಕದ ಅನುಮತಿ ಮೊದಲು ಒಂದೇ ನೋವಿಗೆ ಸೀಮಿತವಾಗಿತ್ತು: ಸರ್ಪಸುತ್ತು ಮಾಗಿದ ಮೇಲೂ ಬಿಡದೆ ಕಾಡುವ ನರಶೂಲೆ.

ಸರ್ಪಸುತ್ತೆಂದರೆ ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಾದ ರೋಗವಲ್ಲ. ಸುತ್ತುವ ಹಾವಿನ ತಲೆಯೂ ಬಾಲವೂ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬ ಭಯ ಇಂದಿಗೂ ಹಳ್ಳಿಗಳಲ್ಲಿ ಮಾಸಿಲ್ಲ. ಬಾಲ್ಯದಲ್ಲಿ ಸೀತಾಳ ಸಿಡುಬು ತಂದ ವೈರಸ್ಸು ರೋಗ ವಾಸಿಯಾದ ಮೇಲೂ ದೇಹವನ್ನು ಬಿಡದೆ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಚರ್ಮಕ್ಕೆ ಇಳಿದು ಗುಳ್ಳೆಗಳಾಗಿ ಏಳುವುದೇ ಸರ್ಪಸುತ್ತು. ಒಂದು ಗಂಟಿನ ನರ ದೇಹದ ಒಂದು ಪಕ್ಕಕ್ಕಷ್ಟೇ ಹೋಗುವುದರಿಂದ ಹಾವು ಸಾಮಾನ್ಯವಾಗಿ ಬೆನ್ನಿನ ನಡುಗೆರೆಯನ್ನು ದಾಟುವುದಿಲ್ಲ. ಜೂಲಿಯಸ್ ಅವರ ತಂಡ ಖಾರದ ಜೀನನ್ನು ಹುಡುಕಿದ್ದು ಇಂಥವೇ ನರಗಂಟುಗಳಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಗುಳ್ಳೆಗಳು ಒಣಗಿದರೂ ಗಾಸಿಗೊಂಡ ನರ ಸುಳ್ಳು ವರದಿ ಕಳಿಸುತ್ತಲೇ ಇದ್ದರೆ, ಅಂಗಿಯ ಬಟ್ಟೆ ಸೋಕಿದರೂ ಕೆಂಡ ತಗಲಿದಂತಾಗುವ ಆ ಶೂಲೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಮುಂದುವರಿಯುತ್ತದೆ.

ಪಟ್ಟಿಯನ್ನು ರೋಗಿ ತಾನಾಗಿ ಅಂಟಿಸಿಕೊಳ್ಳುವಂತಿಲ್ಲ. ನುರಿತವರು ನೋವಿನ ಜಾಗವನ್ನು ಗುರುತುಮಾಡಿ, ಅಗತ್ಯಬಿದ್ದರೆ ಮರಗಟ್ಟಿಸುವ ಮುಲಾಮು ಹಚ್ಚಿ, ಪಟ್ಟಿಯನ್ನು ಆ ಆಕಾರಕ್ಕೆ ಕತ್ತರಿಸಿ ಒಂದು ಗಂಟೆ ಅಂಟಿಸಿಟ್ಟು, ತೆಗೆದ ಮೇಲೆ ಉಳಿದ ಖಾರವನ್ನು ವಿಶೇಷ ಲೇಪದಿಂದ ಒರೆಸುತ್ತಾರೆ. ಉರಿಗೆ ರಕ್ತದೊತ್ತಡ ಏರುವುದುಂಟಾದ್ದರಿಂದ ಅದರ ಮೇಲೂ ಕಣ್ಣಿಡುತ್ತಾರೆ. ಮತ್ತೊಮ್ಮೆ ಹಾಕಬೇಕಾದರೆ ಮೂರು ತಿಂಗಳಾದರೂ ಕಳೆದಿರಬೇಕು. ಸಕ್ಕರೆ ಕಾಯಿಲೆಯವರ ಪಾದಗಳ ನರನೋವಿಗೂ ಇದನ್ನು ಬಳಸಲು ಅಮೆರಿಕ 2020ರಲ್ಲಿ ಒಪ್ಪಿತು; ಪಾದಕ್ಕೆ ಅರ್ಧ ಗಂಟೆ ಸಾಕು. ಫಲ ಎಲ್ಲರಿಗೂ ಸಮನಾಗಿ ದಕ್ಕುವುದಿಲ್ಲ: ಕೆಲವರಿಗೆ ತಿಂಗಳುಗಳ ನೆಮ್ಮದಿ, ಹಲವರಿಗೆ ಅಲ್ಪ ಲಾಭ, ಉಳಿದವರಿಗೆ ಏನೂ ಇಲ್ಲ. ಇದರ ಪರೀಕ್ಷೆಯಲ್ಲಿ ವಿಚಿತ್ರ ತೊಡಕೂ ಇತ್ತು. ಔಷಧಿಯ ಗುಣವನ್ನು ಅಳೆಯಲು ಅರ್ಧ ಮಂದಿಗೆ ಹುಸಿಮದ್ದು ಕೊಡುವುದು ವಾಡಿಕೆ. ಉರಿಯದ ಹುಸಿಪಟ್ಟಿ ಕೊಟ್ಟರೆ ಗುಟ್ಟು ಮೊದಲ ಕಾಲುಗಂಟೆಯಲ್ಲೇ ಬಯಲಾಗುತ್ತದೆ. ಆದ್ದರಿಂದ ಹೋಲಿಕೆಯ ಪಟ್ಟಿಗೂ ಶೇಕಡಾ 0.04ರಷ್ಟು ಕ್ಯಾಪ್ಸೈಸಿನ್ ಸೇರಿಸಿ ಅದನ್ನೂ ಸ್ವಲ್ಪ ಉರಿಯುವಂತೆ ಮಾಡಬೇಕಾಯಿತು.

ಇಷ್ಟೆಲ್ಲ ಉರಿಯ ಗೊಡವೆಯೇಕೆ, ಬಾಗಿಲಿಗೆ ಬೀಗ ಜಡಿದರಾಗದೇ ಎಂದು ಔಷಧ ಕಂಪನಿಗಳೂ ಯೋಚಿಸಿದವು. ಟಿಆರ್‌ಪಿವಿ1ನ್ನು ಮುಚ್ಚಿಯೇ ಇಡುವ ಗುಳಿಗೆಗಳು ತಯಾರಾಗಿ ಮನುಷ್ಯರ ಮೇಲೆ ಪರೀಕ್ಷೆಗೂ ಬಂದವು. ಅವುಗಳಲ್ಲಿ ಕೆಲವನ್ನು ನುಂಗಿದವರಿಗೆ ಜ್ವರ ಏರಿತು, ಇನ್ನು ಕೆಲವನ್ನು ನುಂಗಿದವರಿಗೆ ಸುಡುವ ಬಿಸಿ ಸುಡುತ್ತಿದೆಯೆಂದು ತಿಳಿಯುವುದೇ ಕಷ್ಟವಾಯಿತು. ಆ ಬಾಗಿಲು ನೋವಿಗಷ್ಟೇ ಅಲ್ಲದೆ ದೇಹದ ಉಷ್ಣತೆಯ ಹತೋಟಿಗೂ ಬೇಕಾದದ್ದೆಂದು ಇದರಿಂದ ತಿಳಿಯಿತು. ಈಗ ಗಮನ ತಿರುಗಿರುವುದು ವಿರುದ್ಧ ದಿಕ್ಕಿಗೆ, ಎಂದರೆ ಕ್ಯಾಪ್ಸೈಸಿನ್‌ಗಿಂತ ಸುಮಾರು ಸಾವಿರ ಪಟ್ಟು ಪ್ರಬಲವಾದ ರೆಸಿನಿಫೆರಾಟಾಕ್ಸಿನ್ ಕಡೆಗೆ. ಮೊರಾಕ್ಕೊ ದೇಶದ ಒಂದು ಗಿಡದ ಹಾಲಿನಿಂದ ಬರುವ ಆ ವಸ್ತುವನ್ನು ಮಂಡಿನೋವಿಗೂ ಕ್ಯಾನ್ಸರಿನ ಅಸಹನೀಯ ನೋವಿಗೂ ಪರೀಕ್ಷಿಸಲಾಗುತ್ತಿದ್ದು, ಆ ಗಿಡ ಕರ್ನಾಟಕದ ಹೊಲಗಳ ಬೇಲಿಯಲ್ಲಿ ಕಾಣುವ ಕಳ್ಳಿಯ ಕುಲಕ್ಕೇ ಸೇರಿದ್ದು.

ಮನೆಯಲ್ಲಿರುವ ಮುಲಾಮಿಗೆ ಸಂಬಂಧಿಸಿದ ಎಚ್ಚರಿಕೆಗಳೂ ಮೇಲಿನ ವಿವರಗಳಿಂದಲೇ ಹೊರಡುತ್ತವೆ. ಬಾಗಿಲು ಬಿಸಿಗೂ ತೆರೆಯುವುದರಿಂದ, ಹಚ್ಚಿದ ಜಾಗಕ್ಕೆ ಬಿಸಿನೀರಿನ ಶಾಖ ಕೊಡುವುದು, ಬಿಸಿ ಸ್ನಾನದ ಹಿಂದುಮುಂದೆ ಹಚ್ಚುವುದು, ಬಿಗಿಯಾಗಿ ಬಟ್ಟೆ ಸುತ್ತುವುದು ಇವೆಲ್ಲ ಉರಿಯನ್ನು ಹೆಚ್ಚಿಸುತ್ತವೆ. ಒಡೆದ ಚರ್ಮಕ್ಕಂತೂ ಸೋಕಿಸಲೇಬಾರದು. ಅಂಗಡಿಯ ನೋವಿನ ಲೇಪಗಳಿಂದ ಅಪರೂಪಕ್ಕೆ ಚರ್ಮ ಸುಟ್ಟ ಗಾಯಗಳಾದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿದ್ದುಂಟು, ಆದರೆ ಅವುಗಳಲ್ಲಿ ಹೆಚ್ಚಿನವು ಪುದೀನ ಸತ್ವ ಮತ್ತು ಗಂಧಪುರದ ಎಣ್ಣೆಯ ಲೇಪಗಳಿಗೆ ಸಂಬಂಧಿಸಿದವು. ಹಸಿಮೆಣಸಿನಕಾಯಿಯನ್ನೇ ಅರೆದು ಮಂಡಿಗೆ ಕಟ್ಟುವವರಿಗೆ ಪ್ರಮಾಣದ ಹಿಡಿತವೇ ಇರುವುದಿಲ್ಲ; ಸ್ಕೋವಿಲ್ 1912ರಲ್ಲಿ ಬಿಡಿಸಲು ಹೊರಟದ್ದು ಇದೇ ಸಮಸ್ಯೆಯನ್ನು. ಕೈಗೆ ಹತ್ತಿದ ಖಾರವನ್ನು ಮೊದಲು ಕೊಬ್ಬರಿ ಎಣ್ಣೆಯಿಂದ ಸಡಿಲಿಸಿ, ಆಮೇಲೆ ಸೋಪಿನಲ್ಲಿ ತೊಳೆಯುವ ಅಡುಗೆಮನೆಯ ಕ್ರಮ ಮುಲಾಮು ಹಚ್ಚಿದ ಕೈಗೂ ಸಲ್ಲುತ್ತದೆ. ಆಸ್ಪತ್ರೆಯಲ್ಲಿ ಪಟ್ಟಿ ಅಂಟಿಸುವ ದಾದಿಯರು ತೊಡುವುದು ನೈಟ್ರೈಲ್ ಕೈಗವಸುಗಳನ್ನು, ಏಕೆಂದರೆ ಸಾಮಾನ್ಯ ರಬ್ಬರಿನ ಕೈಗವಸು ಕ್ಯಾಪ್ಸೈಸಿನ್ನನ್ನು ತಡೆಯಲಾರದು.